ಬ್ಯಾಂಕಾಕಿನ ಶಾವಿಗಿ

ಗಂಡ ಪೂಜೆ ಮಾಡುತ್ತಿಲ್ಲವೆಂದು ಗಿರಿಜವ್ವನಿಗೆ ಗೊತ್ತಾದದ್ದು ಬಿಲ್ವಪತ್ರೆಯಿಂದ. ದಿನಾ ಬೆಳಿಗ್ಗೆ ದ್ರಾಕ್ಷಿ ತೋಟದ ಬದುವಿನ ಗಿಡದಿಂದ ಪತ್ರೆ ಹರಿದು ತಂದು, ತೊಳೆದು, ಹಿತ್ತಾಳೆ ತಟ್ಟೆಯಲ್ಲಿ ಹಾಕಿ ದೇವರ ಕೋಣೆಯಲ್ಲಿ ಇಡುವವಳು ಅವಳೇ. ಮುರಗೆಪ್ಪ ಜಳಕ ಮಾಡಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಪೂಜೆಗೆ ಹಿಡಿಯುವಷ್ಟು ಹೊತ್ತು ಕೂತು, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬರುತ್ತಿದ್ದ. ಆದರೆ ಪತ್ರೆ ಮಾತ್ರ ಅವಳು ಇಟ್ಟ ಹಾಗೆಯೇ ತಟ್ಟೆಯಲ್ಲಿ ಇರುತ್ತಿತ್ತು. ಒಂದು ದಿನ ಬೇಕೆಂದೇ ತಂಬಿಗೆಯನ್ನು ಕಂಠದ ಮಟ ತುಂಬಿಸಿಟ್ಟಳು. ಅವನು ಹೊರಗೆ ಬಂದ ಮೇಲೆ ಹೋಗಿ ನೋಡಿದರೆ ಒಂದು ಹನಿ ಚೆಲ್ಲಿರಲಿಲ್ಲ.

ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿಟ್ಟು ನೀರೆರೆಯದೆ ಚಹಾ ಸಹ ಮುಟ್ಟದ ಮನುಷ್ಯ ಅವನು. ದ್ರಾಕ್ಷಿಗೆ ರೋಗ ಬಿದ್ದು ಊರೆಲ್ಲ ಔಷಧದ ಪಂಪು ಬೆನ್ನಿಗೆ ಕಟ್ಟಿಕೊಂಡು ಓಡಾಡುವ ದಿನಗಳಲ್ಲೂ ಪೂಜೆ ತಪ್ಪಿಸಿದವನಲ್ಲ. ಇದೆಲ್ಲ ಶುರುವಾದದ್ದು ಕಾರಹುಣ್ಣಿಮೆಯ ಹೊತ್ತಿಗೆ ಅವನು ಬ್ಯಾಂಕಾಕಿನಿಂದ ತಿರುಗಿ ಬಂದ ಮೇಲೆ. ಮಿರಜಿನ ಔಷಧ ವ್ಯಾಪಾರಿಯೊಬ್ಬ ತನ್ನ ಗಿರಾಕಿಗಳಾದ ದ್ರಾಕ್ಷಿ ಬೆಳೆಗಾರರನ್ನು ವಿಮಾನ ಹತ್ತಿಸಿ ಥಾಯ್ಲೆಂಡ್ ತೋರಿಸಿಕೊಂಡು ಬಂದಿದ್ದ. ಮಂಗಸೂಳಿಯ ಸುತ್ತಿನ ತೋಟದವರಲ್ಲಿ ಹೋದವರು ಮುರಗೆಪ್ಪ ಮತ್ತು ಬದುವಿನಾಚೆಯ ರಾಜಾರಾಮ. ಬ್ಯಾಂಕಾಕ್ ಎಂದ ಕೂಡಲೇ ಊರಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ಗಿರಿಜವ್ವನ ಕಿವಿಗೆ ಬಿದ್ದಿತ್ತು. ಆಗ ಆಕೆ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಈಗ ತುಂಬಿದ ತಂಬಿಗೆ ನೋಡಿ ಆ ನಗು ನೆನಪಾಯಿತು.

ಅತ್ತೆ ಶಿವಗಂಗವ್ವ ಗುಡಿಗೆ ಹೋದ ಹೊತ್ತು ನೋಡಿ ಕೇಳಿಯೇ ಬಿಟ್ಟಳು.

"ಅಲ್ಲಿ ಏನರ ಆಗಬಾರದ್ದು ಆಗೇತೇನ್ರಿ?"

ಮುರಗೆಪ್ಪ ಹೊಸ್ತಿಲ ಮೇಲೆ ಕೂತು ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತಲಿಲ್ಲ.

"ಆಗೇತೋ ಇಲ್ಲೋ ಅನ್ನೂದ ಗೊತ್ತಿಲ್ಲ."

"ಅದ್ಹೆಂಗ ಗೊತ್ತಾಗೂದಿಲ್ಲರಿ? ಆಗಿದ್ರ ಆಗೇತಿ, ಇಲ್ಲಾಂದ್ರ ಇಲ್ಲ."

"ಶಾವಿಗಿ ತಿಂದ್ನಿ," ಎಂದ ಅವನು.

ಗಿರಿಜವ್ವನಿಗೆ ನಗು ಬಂತು. ಗಂಡನ ಮುಖ ನೋಡಿ ಅದನ್ನು ನುಂಗಿಕೊಂಡಳು.

ಆಮೇಲೆ ಅವನು ಒಂದೊಂದೇ ಮಾತು ಬಿಟ್ಟ. ಸಂಗಡ ಒಯ್ದ ಚಪಾತಿ, ಚಟ್ನಿ ಮುಗಿದಿದ್ದವು. ಒಂದು ಸಂಜೆ ಗುಂಪಿನವರಿಂದ ತಪ್ಪಿಸಿಕೊಂಡು ಹಸಿದು ಅಲೆಯುವಾಗ ರಸ್ತೆ ಬದಿಯ ಗಾಡಿಯೊಂದರಲ್ಲಿ ಮುದುಕಿಯೊಬ್ಬಳು ಶಾವಿಗೆ ಬಡಿಸುತ್ತಿದ್ದಳು. ಮಾಂಸದ ತುಂಡು ತೋರಿಸಿ ಬೇಡವೆಂದು ಕೈ ಆಡಿಸಿದ. ಕೋಸು ತೋರಿಸಿ ಕೈ ಮುಗಿದ. ಆಕೆ ತಲೆಯಾಡಿಸಿ, ಮಾಂಸ ಹಾಕದೆ, ಹಳದಿ ರಸ ಹೊಯ್ದು ಬಟ್ಟಲು ಕೊಟ್ಟಳು. ಹಸಿವಿಗೆ ಅದು ಅಮೃತವಾಯಿತು. ಇನ್ನೊಂದು ಬಟ್ಟಲು ಹಾಕಿಸಿಕೊಂಡು ತಿಂದ. ವಿಮಾನದಲ್ಲಿ ತಿರುಗಿ ಬರುವಾಗ ಇದನ್ನು ಕೇಳಿದ ರಾಜಾರಾಮ ತೊಡೆ ತಟ್ಟಿ ನಕ್ಕನಂತೆ. ಆ ಊರಲ್ಲಿ ಮೀನಿನ ನೀರು ಬೀಳದ ಗಡಿಗೆಯೇ ಇರುವುದಿಲ್ಲ ಎಂದನಂತೆ.

"ಅವರ ಮಾತ ಏನ ಕೇಳ್ತೀರಿ, ಚ್ಯಾಷ್ಟಿ ಮಾಡಿರಬೇಕು."

"ಚ್ಯಾಷ್ಟಿನೂ ಇರಬಹುದು, ಖರೇನೂ ಇರಬಹುದು. ಲಿಂಗಕ್ಕ ಕೈ ಹಾಕಿದ್ರ ಕೈ ಏಳವಲ್ದು ಗಿರಿಜಾ."

"ಮಠಕ್ಕ ಹೋಗಿ ಅಪ್ಪಗೋಳ್ನ ಕೇಳ್ರಿ. ಪ್ರಾಯಶ್ಚಿತ್ತ ಏನರ ಹೇಳ್ತಾರ."

"ಏನಂತ ಕೇಳ್ಲಿ? ತಿಂದಿಯೇನಪಾ ಅಂತಾರ. ತಿಂದೇನಿ ಅಂದ್ರ ಅದಕ್ಕೊಂದ ದಾರಿ ಐತಿ. ತಿಂದಿಲ್ಲ ಅಂದ್ರ ದಾರಿನ ಬ್ಯಾಡ. ಗೊತ್ತಿಲ್ಲರಿ ಅಂದ್ರ ಏನ ಮಾಡ್ತಾರ ಅವರು?"

ಶ್ರಾವಣದ ಮೊದಲ ಸೋಮವಾರ ಮಠದ ಅಪ್ಪಗಳು ಮನೆಗೆ ಪಾದಪೂಜೆಗೆ ಬರುವವರಿದ್ದರು. ಮನೆಯ ಯಜಮಾನನಾಗಿ ಮುರಗೆಪ್ಪ ಅವರೆದುರು ಅಂಗೈಯಲ್ಲಿ ಲಿಂಗ ಹಿಡಿದು ಕೂಡಬೇಕು. ಎಲ್ಲರೆದುರಿಗೆ ಕೈ ಏಳದಿದ್ದರೆ ಏನು ಗತಿ?

ಅವಳಿಗೆ ಮೊದಲು ದುಃಖವಾಯಿತು. ನೀರೊಲೆ ಮುಂದೆ ಕೂತಾಗ ಮಾತ್ರ ಬೇರೆಯದೇ ಒಂದು ಯೋಚನೆ ತಲೆ ಹೊಕ್ಕಿತು. ಆ ರುಚಿ ಗಂಡನ ನಾಲಿಗೆಯಲ್ಲಿ ಇನ್ನೂ ಇದೆ. ಅದೇ ಶಾವಿಗೆಯನ್ನು ಮೀನಿಲ್ಲದೆ ಮಾಡಿ ಬಡಿಸಿದರೆ? ಅದೇ ರುಚಿ ಬಂದರೆ ಮೀನು ಬೇಕಾಗಿಯೇ ಇರಲಿಲ್ಲ ಎಂದಾಯಿತು. ಆ ಮುದುಕಿ ಕೈ ಮುಗಿದವನಿಗೆ ಮೀನು ಹಾಕಿರಲಿಕ್ಕಿಲ್ಲ ಎಂದು ಧೈರ್ಯದಿಂದ ಹೇಳಬಹುದು. ಯೋಚನೆ ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಆದರೆ ಸುಮ್ಮನೆ ಕೂಡುವುದಕ್ಕಿಂತ ಏನಾದರೂ ಕುದಿಸುವುದು ವಾಸಿ ಅನ್ನಿಸಿತು.

"ಹೆಂಗಿತ್ತು, ಪೂರಾ ಹೇಳ್ರಿ," ಎಂದು ಗಂಡನನ್ನು ಅಡುಗೆ ಮನೆಯ ಮಣೆಯ ಮೇಲೆ ಕೂರಿಸಿದಳು.

"ಹಳದಿ ರಸ. ಮ್ಯಾಲ ಕೆಂಪ ಎಣ್ಣಿ ತೇಲತಿತ್ತು. ಒಳಗ ಮೆತ್ತನ್ನ ಶಾವಿಗಿ, ಮ್ಯಾಲ ಕರದ ಶಾವಿಗಿ. ಟೆಂಗಿನಕಾಯಿ ಇತ್ತು. ಲಿಂಬಿಹಣ್ಣ ಹಿಂಡಿದ್ಳು. ಖಾರ ಮೊದಲ ಗೊತ್ತಾಗೂದಿಲ್ಲ, ತಡಮಾಡಿ ಏರತಿತ್ತು."

ಶಾವಿಗೆಗೆ ಬರವಿರಲಿಲ್ಲ. ಬೇಸಿಗೆಯಲ್ಲಿ ಹೊಸೆದು ಕೋಲಿನ ಮೇಲೆ ಒಣಗಿಸಿದ ಗೋಧಿ ಶಾವಿಗೆ ಡಬ್ಬಿಯಲ್ಲಿ ತುಂಬಿತ್ತು. ತೆಂಗು ಎಂದರೆ ಆ ಮನೆಯಲ್ಲಿ ಒಣ ಕೊಬ್ಬರಿ. ಮೊದಲ ದಿನ ಗಿರಿಜವ್ವ ಬಟ್ಟಲು ಕೊಬ್ಬರಿ ತೆಗೆದುಕೊಂಡು, ಯಾರೂ ಹೇಳದಿದ್ದರೂ, ಉರಿಯ ಮೇಲೆ ಹಿಡಿದು ಕಪ್ಪಗೆ ಸುಟ್ಟಳು. ಉಳ್ಳಾಗಡ್ಡಿ ಸುಟ್ಟಳು. ಎರಡನ್ನೂ ಕಲ್ಲಿನಲ್ಲಿ ಅರೆದು ಮಸಾಲೆ ಖಾರ ಹಾಕಿ ಕುದಿಸಿದಳು. ಮನೆಯೆಲ್ಲ ಘಮಘಮ. ಮುರಗೆಪ್ಪ ಒಂದು ತುತ್ತು ಬಾಯಿಗಿಟ್ಟ.

"ಇದು ನಮ್ಮ ಬದನಿಕಾಯಿ ಪಲ್ಯಾದ ರಸ ಐತಿ."

ನೋಡಿದರೆ ಹೌದು. ಹುಟ್ಟಿದಾಗಿನಿಂದ ಕಂಡ ದಾರಿಯಲ್ಲೇ ಕೈ ತಾನಾಗಿ ಹೋಗಿತ್ತು. ಸುಡದೆ ಮಾಡಬಹುದಾಗಿತ್ತು ಎಂಬುದೇ ಹೊಳೆದಿರಲಿಲ್ಲ.

ಮರುದಿನ ಮಲ್ಲಯ್ಯನ ಗುಡಿಯ ಮುಂದಿನ ಅಂಗಡಿಯಿಂದ ಹಸಿ ಕಾಯಿ ತರಿಸಿದಳು. ತುರಿದು, ಅರೆದು, ಅರಿಶಿಣ ಹಾಕಿ ಕುದಿಸಿದಳು. ಬಣ್ಣ ಬಂತು. ತಿಂದರೆ ಬಾಯಿ ತುಂಬ ಕಾಯಿಯ ನಾರು. ಅಷ್ಟರಲ್ಲಿ ಶಿವಗಂಗವ್ವ ಬಂದು ಗಡಿಗೆಯಲ್ಲಿ ಇಣುಕಿದಳು. ಶಾವಿಗೆ ಇದೆ, ಕಾಯಿ ಇದೆ, ಸೊಸೆ ಬೆಲ್ಲ ಹಾಕುವುದನ್ನು ಮರೆತಿದ್ದಾಳೆ ಎಂದು ತಿಳಿದು ಒಂದು ಹೆಂಟೆ ಬೆಲ್ಲ ಒಳಗೆ ಬಿಟ್ಟಳು. ಮುರಗೆಪ್ಪ ಅದನ್ನೂ ರುಚಿ ನೋಡಿದ. ಎದ್ದು ತೋಟಕ್ಕೆ ಹೋದ.

"ನಾಕ ದಿನ ಹೋಗಿ ಬಂದದ್ದಕ್ಕ ಇವನ ನಾಲಿಗಿನೂ ಪರದೇಸಿ ಆತು ನೋಡು," ಎಂದಳು ಶಿವಗಂಗವ್ವ. "ನಾ ಮಾಡಿದ ಜ್ವಾಳದ ರೊಟ್ಟಿ ಇನ್ನ ಇವನಿಗೆ ಹತ್ತೂದಿಲ್ಲ."

"ಹಂಗಲ್ರಿ ಅತ್ತಿ, ನನಗ ಕಲೀಬೇಕಾಗೇತಿ," ಎಂದು ಗಿರಿಜವ್ವ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು.

ನಾರಿಲ್ಲದ ರಸ ಹೇಗೆ ಬಂದೀತು ಎಂದು ಆ ದಿನವೆಲ್ಲ ಅವಳ ತಲೆಯಲ್ಲಿ ಅದೇ. ದನಕ್ಕೆ ಹಿಂಡಿ ಕಲಸುವಾಗ ಹೊಳೆಯಿತು: ಬೇಸಿಗೆಯಲ್ಲಿ ಕುರುಡಿಗೆ ಸಂಡಿಗೆ ಮಾಡುವಾಗ ನೆನೆಸಿದ ಗೋಧಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತೇವಲ್ಲ. ಗೋಧಿಗೆ ಹಾಲು ಬರುವುದಾದರೆ ಕಾಯಿಗೆ ಯಾಕೆ ಬಾರದು? ಕಾಯಿ ಅರೆದು, ಬಿಸಿನೀರು ಹಾಕಿ, ಹಳೆಯ ಧೋತರದ ತುಂಡಿನಲ್ಲಿ ಹಿಂಡಿದಳು. ದಪ್ಪನೆಯ ಬಿಳಿ ಹಾಲು ಬೆರಳ ಸಂದಿಯಿಂದ ಇಳಿಯಿತು. ಅದನ್ನು ನೋಡುತ್ತ ಒಂದು ಗಳಿಗೆ ಗಂಡನ ಚಿಂತೆಯೇ ಮರೆತುಹೋಯಿತು. ನಾಲಿಗೆಗೆ ಹಚ್ಚಿಕೊಂಡಳು. ಸಿಹಿ. ಎಮ್ಮೆ ಹಾಲಿನಷ್ಟು ಗಟ್ಟಿ. ಇಷ್ಟು ವರ್ಷ ಕಾಯಿ ಒಡೆದಿದ್ದೇನೆ, ಇದು ಅದರೊಳಗೆ ಇತ್ತೆಂದು ಗೊತ್ತೇ ಇರಲಿಲ್ಲ ಎಂದುಕೊಂಡಳು.

ಅದರಲ್ಲಿ ರಸ ಕುದಿಸುವಾಗ ಉರಿ ಜಾಸ್ತಿಯಾಗಿ ಹಾಲು ಒಡೆಯಿತು, ಎಣ್ಣೆ ಮೇಲೆ ಬಂದು ನಿಂತಿತು. ಕೆಟ್ಟಿತು ಎಂದು ಇಳಿಸುವಾಗ ಮುರಗೆಪ್ಪ ನೋಡಿ, "ಚೆಲ್ಲಬ್ಯಾಡ, ಅಲ್ಲಿನೂ ಹಿಂಗ ತೇಲತಿತ್ತು," ಎಂದ. ಬಟ್ಟಲು ಪೂರ್ತಿ ತಿಂದು ಇನ್ನಷ್ಟು ಕೇಳಿದ. ದೇಶಾಂತರದಿಂದ ಬಂದ ಮೇಲೆ ಅವನು ಕೇಳಿ ಹಾಕಿಸಿಕೊಂಡದ್ದು ಅದೇ ಮೊದಲು.

"ಇನ್ನ ಏನೋ ಒಂದು ವಾಸನಿ ಇತ್ತು. ಲಿಂಬಿದಲ್ಲ, ಲಿಂಬಿ ಹಂಗ."

ಆ ವಾಸನೆಯೂ ಸಿಕ್ಕಿತು, ಅದಾಗಿಯೇ ಬಂದು. ಮಳೆ ಹಿಡಿದ ಒಂದು ಬೆಳಿಗ್ಗೆ ಬಚ್ಚಲ ಹಿಂದೆ ಬೆಳೆದ ಗವತಿ ಚಹಾದ ಎಲೆ ಕೊಯ್ದು ಚಹಾಕ್ಕೆ ಹಾಕಿದ್ದಳು. ಈ ಕಡೆಯವರು ನೆಗಡಿಗೆ ಕುದಿಸಿ ಕುಡಿಯುವ ಉದ್ದನೆಯ ಹುಲ್ಲು ಅದು. ಮುರಗೆಪ್ಪ ಬಸಿ ತುಟಿಗೆ ತಂದವನು ಹಾಗೇ ತಡೆದ.

"ಇದ. ಇದು ಇತ್ತು ಅದರಾಗ."

"ಗವತಿ ಚಹಾನ? ಅಲ್ಲಿ ಪಲ್ಯಾಕ್ಕ ಹಾಕ್ತಾರ?"

"ಮತ್ತ ನಾವು ಚಹಾಕ್ಕ ಹಾಕ್ತೀವೆಂದ್ರ ಅವರೂ ನಗಬಹುದು."

ಗಿರಿಜವ್ವ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಮಳೆಯಲ್ಲೇ ಹೋಗಿ ಆ ಹುಲ್ಲನ್ನು ಬುಡಸಮೇತ ಕಿತ್ತು ತಂದಳು. ಬಿಳಿಯ ಬುಡ ಜಜ್ಜಿ ಶುಂಠಿ, ಹಸಿ ಖಾರದೊಂದಿಗೆ ಅರೆದಳು. ಆ ಸಲ ಬಂದ ಘಮ ಪಡಸಾಲೆಯ ತನಕ ಹೋಯಿತು. ಶಿವಗಂಗವ್ವ ಸಹ ಒಂದು ಬಟ್ಟಲು ತರಿಸಿಕೊಂಡು, "ಬೆಲ್ಲಾ ಹಾಕಿದ್ರ ಇನ್ನೂ ಚಲೋ ಆಗ್ತಿತ್ತು," ಎಂದು ತಿಂದಳು.

ಮುರಗೆಪ್ಪ ಮಾತ್ರ ತುತ್ತು ನುಂಗಿ ಬಟ್ಟಲು ಕೆಳಗಿಟ್ಟ.

"ಎಲ್ಲಾ ಐತಿ. ಹಿಂದ ಒಂದು ರುಚಿ ಉಳೀತಿತ್ತು. ಗಂಟಲ ಹತ್ರ. ಉಪ್ಪ ಅಂದ್ರ ಉಪ್ಪಲ್ಲ."

ಆ ಹಿಂದಿನ ರುಚಿಗಾಗಿ ಗಿರಿಜವ್ವ ಮನೆಯನ್ನೆಲ್ಲ ಹುಡುಕಿದಳು. ಹಳೆಯ ಉಪ್ಪಿನಕಾಯಿಯ ರಸ ಹಾಕಿದಳು. ಮಜ್ಜಿಗೆ ಮೆಣಸಿನಕಾಯಿ ಕರಿದು ಪುಡಿ ಮಾಡಿ ಹಾಕಿದಳು. ಗುರೆಳ್ಳು ಹುರಿದು ಹಾಕಿದಳು. ಆಷಾಢ ಕರಗುತ್ತಿತ್ತು. ಗುರೆಳ್ಳು ಹಾಕಿದ ದಿನ ಮುರಗೆಪ್ಪ ಅವಳ ಮುಖ ನೋಡುತ್ತ ನಿಧಾನವಾಗಿ ಅಗಿದ.

"ಇದ ಇರಬೇಕು."

"ಇರಬೇಕು ಅಂದ್ರ?"

"ಇದ ಅಂತ ತಿಳಕೊ."

"ನಾ ತಿಳಕೊಂಡ್ರ ಏನ ಬಂತ್ರಿ? ಲಿಂಗ ಹಿಡಿಯವರು ನೀವು. ನಾಳೆ ಕೈ ಏಳತೈತೇನು?"

ಅವನು ಬಟ್ಟಲಿನ ಕಡೆ ನೋಡಿದ. "ಇಲ್ಲ," ಎಂದ.

ಮರುದಿನ ಗಿರಿಜವ್ವ ಬದುವಿನಾಚೆ ರಾಜಾರಾಮ ಬಳ್ಳಿ ಕಟ್ಟುತ್ತಿದ್ದಲ್ಲಿಗೆ ಹೋದಳು. ಮರಾಠರ ಮನೆಯವ, ಬಾಯಿ ದೊಡ್ಡದು, ಹೊಟ್ಟೆಯಲ್ಲಿ ಕಪಟವಿಲ್ಲದವ.

"ಯಾ ವೈನಿ," ಎಂದು ಅತ್ತಿಗೆಯನ್ನು ಕರೆಯುವ ಹಾಗೆ ಮರಾಠಿಯಲ್ಲೇ ಬರಮಾಡಿಕೊಂಡ. "ಮುರಗೆಪ್ಪಣ್ಣಗ ಬ್ಯಾಂಕಾಕಿನ ಅಡಗಿ ಮಾಡಿ ಹಾಕಾಕತ್ತೀಯಂತ. ನಮ್ಮಾಕಿಗೂ ಒಂದೀಟ ಕಲಿಸು. ಆಕಿ ಆಲೂಗಡ್ಡಿ ಬಿಟ್ಟು ಬ್ಯಾರೆ ಲೋಕಾನ ಕಂಡಿಲ್ಲ."

"ಕಲಿಸ್ತೀನ್ರಿ. ಆದ್ರ ಒಂದ ಮಾತ ಖರೇ ಹೇಳ್ರಿ. ಅಲ್ಲಿ ಮೀನಿನ ನೀರ ಅಂತ ಅಂದ್ರಿ, ಅದು ಎಲ್ಲಾ ಅಂಗಡ್ಯಾಗ ಹಾಕ್ತಾರೋ?"

ಅವಳ ದನಿಗೆ ರಾಜಾರಾಮನ ನಗು ಇಳಿಯಿತು. ಕೈಯಲ್ಲಿದ್ದ ಸುತಳಿ ಕೆಳಗಿಟ್ಟ.

"ಎಲ್ಲಾ ಅಂಗಡಿ ನಾ ಎಲ್ಲಿ ನೋಡೇನಿ ವೈನಿ? ಒಂದೆರಡ ಕಡೆ ಬರೇ ಉಪ್ಪ ಇತ್ತು. ಭಾಳ ಕಡೆ ಬಾಟ್ಲಿ ಇತ್ತು, ಚಹಾದ ಬಣ್ಣದ ನೀರು. ಮೀನ ತುಂಡ ಇರೂದಿಲ್ಲ, ಬರೇ ನೀರು. ಒಂದ ಧಾರಿ ಬಿಡತಾರ, ಮುಗೀತು. ನಾ ವಿಮಾನದಾಗ ಹಾಸ್ಯಾಕ್ಕ ಅಂದ್ನಿ. ಮನಸಿಗೆ ಹಚ್ಚಿಕೊಂಡಾನೇನು?"

"ಹೌದ್ರಿ," ಎಂದಳು ಗಿರಿಜವ್ವ.

ದಾರಿಯಲ್ಲಿ ಬರುವಾಗ ಅವಳಿಗೆ ತಾನು ಹಿಡಿದ ದಾರಿಯ ತಪ್ಪು ಕಂಡಿತು. ಮೀನಿಲ್ಲದ್ದನ್ನು ಎಷ್ಟು ಸಲ ಮಾಡಿದರೂ 'ಇರಬೇಕು' ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಮೀನಿದ್ದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಆದರೆ ತಿಂದು ನೋಡುವ ಹಾಗಿಲ್ಲ. ಮೂಗಿನಿಂದ ಮಾತ್ರ ನೋಡಬಹುದು.

ಅವರ ತೋಟದಲ್ಲಿ ಕೆಲಸ ಮಾಡುವ ಹೊಳೆವ್ವನ ಮನೆ ಹಳ್ಳದ ದಂಡೆಗೆ ಇತ್ತು. ಕುರಿ ಸಾಕುವ ಮನೆತನ, ತವರು ಕೃಷ್ಣೆಯ ದಂಡೆಯ ಜುಗೂಳ. ಅಲ್ಲಿಂದ ಅವಳ ಅಣ್ಣ ಬಂದಾಗಲೆಲ್ಲ ಒಣ ಮೀನು ತರುತ್ತಿದ್ದುದು ವಾಸನೆಯಿಂದಲೇ ತೋಟಕ್ಕೆಲ್ಲ ಗೊತ್ತಾಗುತ್ತಿತ್ತು. ಗಿರಿಜವ್ವ ಅವಳನ್ನು ಕರೆದು ಎಲ್ಲವನ್ನೂ ಹೇಳಿದಳು. ಮುಚ್ಚಿಟ್ಟು ಕೇಳುವ ಮಾತಲ್ಲ ಅದು.

ಹೊಳೆವ್ವ ಕೆನ್ನೆಗೆ ಕೈ ಹಚ್ಚಿ ಕೇಳಿದಳು.

"ವಾಸನಿಗಿ ಏನ ಅಕ್ಕಾರ, ಬಸ್ಸಿನ್ಯಾಗ ನನ್ನ ಬುಟ್ಟಿ ಬಾಜೂಕ ಮುರಗೆಪ್ಪಣ್ಣಾರು ಎಷ್ಟ ಸಲ ಕುಂತಾರ. ಮಾಡ್ತೀನಿ. ಆದ್ರ ಲಗೂ ಮಾಡಬೇಕ್ರಿ. ನಾಗರ ಅಮಾಸಿ ಆತಂದ್ರ ಶ್ರಾವಣ ಹಿಡೀತೈತಿ, ನಮ್ಮ ಮನ್ಯಾಗೂ ಮೀನ ಮುಟ್ಟೂದಿಲ್ಲ."

ಅಮಾವಾಸ್ಯೆಗೆ ಮುಂಚಿನ ಒಂದು ಸಂಜೆ ಗಿರಿಜವ್ವ ತಾನು ಮಾಡಿದ ಹಳದಿ ರಸವನ್ನು ಗಡಿಗೆಯಲ್ಲಿ ತುಂಬಿ ಹೊಳೆವ್ವನಿಗೆ ಕೊಟ್ಟಳು. ಗಡಿಗೆ ತಿರುಗಿ ಬರುವುದು ಬೇಡ, ಅಲ್ಲೇ ಇಟ್ಟುಕೊ ಎಂದಳು. ಮುರಗೆಪ್ಪ ಬರಲು ಒಪ್ಪಲಿಲ್ಲ, ಆಮೇಲೆ ಬಂದ. ಗಂಡ ಹೆಂಡತಿ ಹೊಳೆವ್ವನ ಅಂಗಳದಲ್ಲಿ ಕುರಿದೊಡ್ಡಿಯ ಪಕ್ಕಕ್ಕೆ ನಿಂತರು. ಹೊಳೆವ್ವ ಗಡಿಗೆಯಿಂದ ಅರ್ಧ ರಸವನ್ನು ಪಾತ್ರೆಗೆ ಸುರಿದು ಹೊರಗಿನ ಒಲೆಗೆ ಏರಿಸಿದಳು. ಮುಷ್ಟಿ ತುಂಬ ಒಣ ಮೀನು ಮುರಿದು ಹಾಕಿ, ಕುದಿ ಬಂದ ಮೇಲೆ ಮುಚ್ಚಳ ತೆಗೆದಳು.

"ಬರ್ರಿ ಅಣ್ಣಾರ. ಮೂಗ ಮುಂದ ಮಾಡ್ರಿ, ಬಾಯಿ ಮುಚ್ಚಿಕೋರಿ."

ಮುರಗೆಪ್ಪ ಬಗ್ಗಿದವನು ಒಮ್ಮೆಲೇ ಹಿಂದಕ್ಕೆ ಸರಿದು ಕೆಮ್ಮಿದ. ಕಣ್ಣಲ್ಲಿ ನೀರು ಬಂತು.

"ಇದಲ್ಲ," ಎಂದ. "ಇದಲ್ಲ, ಗಿರಿಜಾ. ಇದಿದ್ರ ನಾ ಅಲ್ಲೇ ಎದ್ದ ಓಡತಿದ್ನಿ. ಇಂಥಾದ್ದೇನೂ ಇರಲಿಲ್ಲ."

ಅವನ ಮುಖ ಹಗುರಾಗಿತ್ತು. ಹೊಳೆವ್ವನೂ ನಕ್ಕಳು. "ಹೋಗ್ರಿ ಮತ್ತ, ಅಂಜಿ ಸತ್ತಿರಿ ಸುಮ್ಮ," ಎಂದಳು. ಮುರಗೆಪ್ಪ ಧೋತರ ಝಾಡಿಸಿಕೊಂಡು ಮನೆಯ ಕಡೆ ತಿರುಗಿದ.

ಗಿರಿಜವ್ವನೂ ತಿರುಗಬಹುದಾಗಿತ್ತು. ಇಷ್ಟು ದಿನ ಬೇಡಿಕೊಂಡ ಮಾತು ಇದೇ. ಕಾಲು ಮಾತ್ರ ಏಳಲಿಲ್ಲ. ಮೀನ ತುಂಡ ಇರೂದಿಲ್ಲ, ಬರೇ ನೀರು, ಒಂದ ಧಾರಿ ಎಂದಿದ್ದ ರಾಜಾರಾಮ. ಹೊಳೆವ್ವ ಹಾಕಿದ್ದು ತನ್ನ ಮನೆಯವರು ಉಣ್ಣುವ ಹಾಗೆ, ಮುಷ್ಟಿಗಟ್ಟಲೆ. ಇದನ್ನು ಗಂಡ ಗಮನಿಸಿಲ್ಲ. ಅವಳು ಬಾಯಿ ಮುಚ್ಚಿಕೊಂಡರೆ ನಾಳೆ ಬೆಳಿಗ್ಗೆ ಪತ್ರೆ ಲಿಂಗದ ಮೇಲೆ ಏರುತ್ತದೆ. ಏರಲಿ ಎಂದಿತು ಒಂದು ಮನಸ್ಸು. ಅದು ಏರಿದ ಮೇಲೆ ದಿನಾ ಆ ಬಾಗಿಲ ಹೊರಗೆ ನಿಲ್ಲಬೇಕಾದವಳು ನೀನು ಎಂದಿತು ಇನ್ನೊಂದು.

"ನಿಂದರ್ರಿ," ಎಂದಳು.

ಮುರಗೆಪ್ಪ ನಿಂತ.

"ಹೊಳೆವ್ವ, ಇನ್ನೆರಡ ಒಣ ಮೀನ ಒಂದ ವಾಟಗಾ ಬಿಸಿನೀರಾಗ ನೆನಿ ಹಾಕು. ಮೀನ ತಗದ ಬಿಡು. ಉಳದ ರಸದಾಗ ಬರೇ ಆ ನೀರ ಒಂದ ಧಾರಿ ಬಿಡು. ಲಿಂಬಿನೂ ಹಿಂಡು."

"ಆತಲ್ರಿ ಅಕ್ಕಾರ, ಅಲ್ಲ ಅಂದ್ರಲ್ಲ ಅವರು."

"ನನ್ನ ಸಲುವಾಗಿ."

ಹೊಳೆವ್ವ ಬೇರೆ ಪಾತ್ರೆ ತೊಳೆದು ಉಳಿದ ರಸ ಕಾಯಿಸಿದಳು. ನೀರು ಚಹಾದ ಬಣ್ಣಕ್ಕೆ ತಿರುಗಿದ ಮೇಲೆ ಒಂದು ಧಾರೆ ಬಿಟ್ಟಳು. ಹಬೆ ಎದ್ದಿತು. ದೂರದಲ್ಲಿ ನಿಂತ ಗಿರಿಜವ್ವನ ಮೂಗಿಗೂ ಬಂತು: ತೆಂಗು, ಗವತಿ ಚಹಾ, ಲಿಂಬೆ. ಮೀನು ಇದೆಯೆಂದು ಗೊತ್ತಿದ್ದ ಅವಳಿಗೇ ಮೀನು ಕಾಣಲಿಲ್ಲ. ಆದರೆ ಎಲ್ಲಕ್ಕೂ ತಳ ಬಂದ ಹಾಗಿತ್ತು, ಅಡಿಪಾಯವಿಲ್ಲದ ಗೋಡೆಗೆ ಅಡಿಪಾಯ ಸಿಕ್ಕ ಹಾಗೆ.

ಮುರಗೆಪ್ಪನನ್ನು ಯಾರೂ ಕರೆಯಬೇಕಾಗಲಿಲ್ಲ. ನಿಂತಲ್ಲಿಂದಲೇ ಅವನ ತಲೆ ಒಲೆಯ ಕಡೆ ಹೊರಳಿತು. ಎರಡು ಹೆಜ್ಜೆ ಮುಂದೆ ಬಂದು ಕಣ್ಣು ಮುಚ್ಚಿಕೊಂಡ.

"ಹೌದು," ಎಂದ ಕಡೆಗೆ. "ಇದ."

ಹೊಳೆವ್ವ ಸೌಟು ಹಿಡಿದುಕೊಂಡೇ ನಿಂತಳು. ಗಿರಿಜವ್ವನಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸಿತು.

ಇಬ್ಬರೂ ಮನೆಯ ದಾರಿ ಹಿಡಿದರು. ಬದುವಿನ ಮೇಲೆ ಅವನು ಮುಂದೆ, ಅವಳು ಹಿಂದೆ. ಅವನ ನಡಿಗೆಯಲ್ಲಿ ಸಿಟ್ಟಿದೆಯೋ ದುಃಖವಿದೆಯೋ ಎಂದು ಬೆನ್ನು ನೋಡುತ್ತ ನಡೆದಳು. ಎರಡೂ ಕಾಣಲಿಲ್ಲ. ದಿನಾ ತೋಟದಿಂದ ಬರುವ ಹಾಗೆಯೇ ಬರುತ್ತಿದ್ದ.

ಮನೆಗೆ ಬಂದವನೇ ತಾನೇ ಬಾವಿಯಿಂದ ನೀರು ಸೇದಿ ಜಳಕ ಮಾಡಿದ. ಒದ್ದೆ ಧೋತರದಲ್ಲೇ ದೇವರ ಕೋಣೆಗೆ ಹೋದ. ಬಾಗಿಲು ಮುಂದೆ ಮಾಡಿಕೊಳ್ಳಲಿಲ್ಲ. ಗಿರಿಜವ್ವ ಅಡುಗೆ ಮನೆಯ ಕಂಬಕ್ಕೆ ಆತು ನಿಂತು ನೋಡಿದಳು. ಅವನು ಕೊರಳಿನಿಂದ ಲಿಂಗದ ಕರಡಿಗೆ ಬಿಚ್ಚಿದ. ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣಿನ ಮಟ ಎತ್ತಿದ. ಬಹಳ ಹೊತ್ತು ಅವನ ತುಟಿ ಆಡುತ್ತಿತ್ತು. ಅವಳಿಗೆ ಗೊತ್ತಿದ್ದ ಮಂತ್ರ ಯಾವುದೂ ಅಷ್ಟು ಉದ್ದವಿರಲಿಲ್ಲ. ಆಮೇಲೆ ನೀರೆರೆದ, ಪತ್ರೆ ಏರಿಸಿದ.

ಹೊರಗೆ ಬಂದು ಪಡಸಾಲೆಯ ಕಂಬಳಿಯ ಮೇಲೆ ಕೂತ.

"ನಾಳೆ ಅಥಣಿ ಬಸ್ಸಿಗಿ ಮಠಕ್ಕ ಹೋಗಿ ಬರ್ತೀನಿ. ಅಪ್ಪಗೋಳು ಪಾದಪೂಜಿಗಿ ಬರೂಕಿಂತ ಮೊದಲ ಅವರಿಗೂ ಹೇಳಬೇಕು. ಅವರೇನ ವಿಧಿಸ್ತಾರ ಮಾಡೂನು."

"ನಾ ಸುಮ್ನ ಇರಬೇಕಾಗಿತ್ತೇನ್ರಿ?"

"ಸುಮ್ನ ಇದ್ದಿದ್ರ ನಾ ಇನ್ನೂ ಅಲ್ಲೇ ಬಾಗಿಲ ಹಾಕ್ಕೊಂಡ ಕುಂದರತಿದ್ನಿ."

ಗಿರಿಜವ್ವ ಅವನ ಮುಂದೆ ತಾಟು ಇಟ್ಟು ರೊಟ್ಟಿ ಹಾಕಿದಳು. ಕೇಳಬಾರದು ಎಂದುಕೊಂಡರೂ ತಡೆಯಲಾಗಲಿಲ್ಲ.

"ಅಷ್ಟೊತ್ತು ಏನ ಹೇಳಿದ್ರಿ ಒಳಗ?"

"ತಿಂದೇನಿ ಅಂದ್ನಿ."

"ಅಷ್ಟನ?"

ಮುರಗೆಪ್ಪ ರೊಟ್ಟಿ ಮುರಿಯುತ್ತ, ತಾಟಿನ ಕಡೆಯೇ ನೋಡುತ್ತ ಹೇಳಿದ.

"ಭಾಳ ರುಚಿ ಇತ್ತು. ಅದನ್ನೂ ಹೇಳಿದ್ನಿ."